ಹಿಟ್ಟು ತಿಳಿಯದ ಕೈ

ನನ್ನ ಬಾಯಿ ಕೆಟ್ಟದ್ದು. ಶಹಾಬಾದಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸೊಸೆಯ ರೊಟ್ಟಿಗೆ ಮಾತ್ರ ಇಪ್ಪತ್ತು ವರ್ಷ ಹೆಸರಿಟ್ಟು ಕೊಂಕು ತೆಗೆದಿರಲಿಲ್ಲ. ಚಿಂಚೋಳಿ ಕಡೆಯವಳು. ಅವಳು ಬಡಿದ ಜೋಳದ ರೊಟ್ಟಿ ಹಪ್ಪಳದಷ್ಟು ತೆಳ್ಳಗಿರುತ್ತಿತ್ತು.

ಅವಳಿಗೆ ನಲವತ್ತೈದು ದಾಟಿದ ಮೇಲೆ ಆ ರೊಟ್ಟಿ ಕೆಟ್ಟಿತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಹಂಚಿಗೆ ಹಾಕುವಷ್ಟರಲ್ಲಿ ಹರಿಯುತ್ತಿತ್ತು. ಸೇಡಂನಿಂದ ನನ್ನ ತಂಗಿಯರು ಊಟಕ್ಕೆ ಬಂದ ದಿನ ಎಲ್ಲರೆದುರೇ ಕೇಳಿದೆ: "ದಪ್ಪ ಆಗ್ಯಾವ. ಲಕ್ಷ್ಯ ಎಲ್ಲದ ನಿಂದು?"

"ಕೈ ಜೋಮು ಹಿಡದಂಗ ಆಗ್ಲಿಕತ್ತದರಿ ಅತ್ತಿ. ಹಿಟ್ಟು ಬೆರಳಿಗೆ ತಿಳೀವಲ್ದು" ಎಂದಳು.

"ಮೊಬೈಲ್ ಹಿಡದ್ರ ಮಾತ್ರ ಬೇಷ್ ತಿಳೀತದ ನೋಡು."

ತಂಗಿಯರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಯಿತು. ಆಮೇಲೆ ಮನೆಗೆ ಯಾರು ಬಂದರೂ ಅದೇ ಮಾತು ತೆಗೆದೆ. ಅವಳು ಕುಪ್ಪಸದ ಹುಕ್ಕು ತನ್ನ ಮಗಳಿಂದ ಹಾಕಿಸಿಕೊಳ್ಳುವುದನ್ನು ಕಂಡು, ಅದಕ್ಕೂ ಒಂದು ಚುಚ್ಚುಮಾತು ಸೇರಿಸಿದೆ.

ಒಂದು ಬೇಸಿಗೆ ನೆಂಟರ ಮನೆಯ ಬಸುರಿಯ ಕುಬಸದ ಕಾರ್ಯಕ್ಕೆಂದು ಎಲ್ಲರೂ ಚಿತ್ತಾಪುರಕ್ಕೆ ಹೊರಟೆವು. ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮಿನಲ್ಲಿ ಅವಳ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದೇ ನಡೆದಳು. ನಾನು ಕಂಡೆ. ಎಷ್ಟು ದೂರ ಹೋಗುತ್ತಾಳೋ ನೋಡೋಣ ಎಂದು ಸುಮ್ಮನಿದ್ದೆ. ಗಾಡಿ ಹತ್ತುವಾಗ ನನ್ನ ಮಗ ಹೇಳಿದ ಮೇಲೆಯೇ ಅವಳು ಕೆಳಗೆ ನೋಡಿದ್ದು. ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ನನಗೆ ಮೊದಲ ಸಲ ಹೆದರಿಕೆಯಾಯಿತು.

ಕಲಬುರಗಿಯ ಡಾಕ್ಟರು ಸ್ಕ್ಯಾನ್ ನೋಡಿ, ಕತ್ತಿನ ಎಲುಬು ಸವೆದು ನರದ ದಾರಿ ಇಕ್ಕಟ್ಟಾಗಿದೆ, ಒಳಗೆ ಕೈಕಾಲಿಗೆ ಹೋಗುವ ನರ ಅಮುಕಿಹೋಗಿದೆ ಎಂದರು. "ಆಪರೇಷನ್ ಮಾಡಿದ್ರ ಮುಂದ ಕೆಡೋದು ನಿಲ್ತದ. ಹೋದದ್ದು ವಾಪಸ್ ಬರ್ತದಂತ ಹೇಳಲಿಕ್ಕೆ ಆಗಲ್ಲ. ಇಷ್ಟು ದಿನ ಯಾಕ ಸುಮ್ಮನಿದ್ರಿ?"

"ಎರಡು ವರ್ಷ ಆತ್ರಿ, ಮನ್ಯಾಗ ಹೇಳಿ" ಎಂದು ಸೊಸೆ ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತೆ.

ಆಪರೇಷನ್ ಆಯಿತು. ಕಾಲು ಅಷ್ಟಿಷ್ಟು ಸುಧಾರಿಸಿತು, ಕೈ ಬರಲಿಲ್ಲ. ಈಗ ಎಪ್ಪತ್ತರ ಹತ್ತಿರದ ನಾನೇ ರೊಟ್ಟಿ ಬಡಿಯುತ್ತೇನೆ, ನಾನೇ ಮುರಿದು ಅವಳ ಬಾಯಿಗಿಡುತ್ತೇನೆ. ನಾಚಿಕೆಯಾಗುತ್ತದೆ, ಆದರೆ ಅದನ್ನು ಅವಳಿಗೆ ಒಮ್ಮೆಯೂ ಹೇಳಿಲ್ಲ.

ಮೊನ್ನೆ ತಂಗಿಯರು ಮತ್ತೆ ಬಂದಿದ್ದರು. ಅವರೆದುರೇ ಪುಂಡಿ ಪಲ್ಯ ಹಚ್ಚಿ ತುತ್ತು ಕೊಟ್ಟೆ. ಅವಳು ನಿಧಾನಕ್ಕೆ ಅಗಿದು ನುಂಗಿದಳು.

"ದಪ್ಪ ಆಗ್ಯಾವ್ರಿ ಅತ್ತಿ. ಲಕ್ಷ್ಯ ಎಲ್ಲದ ನಿಮ್ದು?"

ಯಾರೂ ನಗಲಿಲ್ಲ. ಅವಳು ಮುಂದಿನ ತುತ್ತಿಗೆ ಬಾಯಿ ತೆರೆದಳು.