ಜೊಹರಾ ಕಲಿಸಿದ ಲಿನಕ್ಸ್

ಜೊಹರಾ ಕಂಪ್ಯೂಟರಿನ ಡಬ್ಬಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತುಟಿಗಳ ನಡುವೆ ಎರಡು ಸ್ಕ್ರೂ. ಒಳಗಿನ ಕರಕರ ಸದ್ದು ನಿಲ್ಲುವವರೆಗೆ ಯಾರೂ ಮಾತಾಡಕೂಡದು. ಆಮೇಲೆ ಸ್ಕ್ರೂಗಳನ್ನು ಅಂಗೈಗೆ ತೆಗೆದುಕೊಂಡು, "ಜೀವ ಉಂಟು ಅಕ್ಕ. ಹೊಟ್ಟೆಗೆ ಜಾಸ್ತಿ ತುರುಕಿದ್ದೀರಿ, ಅಷ್ಟೆ," ಅನ್ನುತ್ತಿದ್ದಳು.

ಕೊಟ್ಟಿಗೆಹಾರದಲ್ಲಿ ಅವಳ ಗಂಡ ಉಸ್ಮಾನ್ ಅವರದು ಪಂಪ್‌ಸೆಟ್, ಮಿಕ್ಸಿ ರಿಪೇರಿಯ ಅಂಗಡಿ. ಯಾರಾದರೂ ಕಂಪ್ಯೂಟರ್ ತಂದರೆ ಉಸ್ಮಾನ್ ಮುಂದೆ ನಿಂತು, "ಬುಧವಾರ ಬನ್ನಿ ಸಾರ್," ಎಂದು ಕಳಿಸುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅದನ್ನು ಬಿಚ್ಚಿ ಸರಿಮಾಡುವವಳು ಜೊಹರಾ. ಮದುವೆಗೆ ಮುಂಚೆ ಘಟ್ಟದ ಕೆಳಗೆ ಒಂದು ವರ್ಷ ಕಲಿತಿದ್ದಳಂತೆ. ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ. ನಾನು ಹೆಂಗಸಾದ್ದರಿಂದ ಒಳಗೆ ಕೂರಿಸಿ ಚಹಾ ಕೊಟ್ಟರು, ಹಾಗಾಗಿ ಕಂಡೆ.

ಮನೆಯಲ್ಲಿದ್ದದ್ದು ನಮ್ಮ ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರು ಬಳಸಿ ಬಿಟ್ಟ ಹಳೇ ಕಂಪ್ಯೂಟರ್. ಮಳೆಗಾಲದಲ್ಲಿ ಬಟ್ಟೆ ಬೀರುವಿಗೆ ಬಲ್ಬ್ ಉರಿಸಿಡುವ ಹಾಗೆ, ಬೂಷ್ಟು ಹಿಡಿಯದಿರಲೆಂದು ಇದರ ಡಬ್ಬದೊಳಗೂ ಒಂದು ಸಣ್ಣ ಬಲ್ಬ್ ಇಳಿಬಿಟ್ಟಿದ್ದೆ. ಜೊಹರಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಮಾರಾಯ್ರೆ, ಇದು ಕಂಪ್ಯೂಟರಾ, ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯಾ?"

ನನಗೆ ನಗು ಬಂತು. ಆದರೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಗಳು ಸೌಮ್ಯ ಒಂಬತ್ತನೇ ತರಗತಿಯಲ್ಲಿ ಹಟ ಹಿಡಿದು ಕಂಪ್ಯೂಟರ್ ವಿಷಯ ತೆಗೆದುಕೊಂಡಿದ್ದಳು. ಯಾರೋ ಕಾಪಿ ಮಾಡಿ ಹಾಕಿಕೊಟ್ಟಿದ್ದ ಸಿಸ್ಟಮ್ ನಡುನಡುವೆ ನಿಂತುಹೋಗಿ, ಟೈಪ್ ಮಾಡಿದ ಹೋಂವರ್ಕ್ ಮಾಯವಾಗುತ್ತಿತ್ತು. ನಮ್ಮವರು ಹೇಳಿಯಾಗಿತ್ತು: "ಹೊಸತು ತರೋದಿಲ್ಲ. ಇನ್ನೊಂದು ಸಲ ಈ ರಗಳೆ ಬಂದ್ರೆ ಹೋಮ್ ಸೈನ್ಸಿಗೆ ಹಾಕ್ತೇನೆ." ಹೋಮ್ ಸೈನ್ಸ್ ನಾನು ಓದಿದ್ದು. ಕಾನ್ವೆಂಟಿನಲ್ಲಿ ಕಸೂತಿ ಹಾಕಿದ ದಿಂಬಿನ ಚೀಲಗಳು ಇನ್ನೂ ನಮ್ಮ ಹಾಲಿನಲ್ಲೇ ಇವೆ.

"ಈ ಸಿಸ್ಟಮ್ ತೆಗೆದು ಲಿನಕ್ಸ್ ಹಾಕುವ," ಎಂದಳು ಜೊಹರಾ. "ಹಳೇ ಮಿಷನ್ನಿಗೆ ಹಗುರ. ಕದ್ದದ್ದೂ ಅಲ್ಲ, ಮಾಡಿದವರೇ ಸುಮ್ನೆ ಕೊಡೋದು."

ಅವಳು ನಮ್ಮ ಮನೆಗೆ ಬರುವಂತಿರಲಿಲ್ಲ. ನನಗೋ ವಾರಕ್ಕೊಮ್ಮೆ ಸಾಮಾನಿಗೆ ಜೀಪು ಹೊರಟಾಗ ಮಾತ್ರ ಗೇಟು ದಾಟುವ ಅವಕಾಶ. ಹಾಗಾಗಿ ಮೂರು ವಾರ ಅವಳ ಹಿಂದಿನ ಕೋಣೆಯಲ್ಲಿ ನಾನೇ ಕಲಿತೆ.

"ಮೌಸನ್ನು ಸರಿಯಾಗಿ ಹಿಡೀರಿ ಅಕ್ಕ, ಕಚ್ಚೋದಿಲ್ಲ. ಈಗ ನಿಮ್ಮದೊಂದು ಪಾಸ್‌ವರ್ಡ್ ಇಡಿ. ಯಾರಿಗೂ ಹೇಳ್ಬಾರ್ದು."

"ಯಜಮಾನ್ರಿಗೂ?"

"ಅವರಿಗೂ."

ಮದುವೆಯಾಗಿ ಹದಿನಾರು ವರ್ಷದಲ್ಲಿ ನಾನೊಬ್ಬಳೇ ತೆರೆಯಬಲ್ಲಂಥದ್ದು ಒಂದೂ ಇರಲಿಲ್ಲ. ನನ್ನ ಬೀರುವಿನ ಕೀಲಿ ಕೂಡ ಅತ್ತೆಯವರ ಸೊಂಟದಲ್ಲಿತ್ತು. ಏನು ಟೈಪ್ ಮಾಡುವುದೆಂದು ತೋಚದೆ ಬಹಳ ಹೊತ್ತು ಕೂತಿದ್ದೆ.

ಸೌಮ್ಯಳ ಪ್ರಾಜೆಕ್ಟ್ ಒಂದಕ್ಷರವೂ ಕಳೆಯದೆ ಮುಗಿಯಿತು. ಆದರೆ ಅವಳು ಒಯ್ದ ಫ್ಲಾಪಿಯ ಫೈಲು ಶಾಲೆಯ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. "ಪಂಪ್ ರಿಪೇರಿಯವನ ಹತ್ರ ಮಾಡಿಸಿದ್ರೆ ಹೀಗೇ. ಸೊನ್ನೆ," ಎಂದರಂತೆ ಮೇಷ್ಟ್ರು. ಅಪ್ಪನಿಗೆ ಹೇಳಬೇಡಮ್ಮ ಎಂದು ಅತ್ತಳು. ಆ ವಾರ ಜೀಪು ಹೊರಟಾಗ ಫ್ಲಾಪಿ ಹಿಡಿದು ನೇರ ಅಂಗಡಿಗೆ ಹೋದೆ.

ಜೊಹರಾ ಹಣೆ ಚಚ್ಚಿಕೊಂಡಳು. "ತಪ್ಪು ನನ್ನದು ಅಕ್ಕ. ಸೇವ್ ಮಾಡುವಾಗ ಶಾಲೆಯವರ ಸಾಫ್ಟ್‌ವೇರಿಗೆ ಹೊಂದುವ ಹಾಗೆ ಮಾಡ್ಬೇಕಿತ್ತು. ಹೇಳ್ಲಿಕ್ಕೆ ಮರೆತೆ." ಅದನ್ನೂ ತೋರಿಸಿಕೊಟ್ಟಳು.

ಪೋಷಕರ ಸಭೆಗೆ ಹೊಸ ಫ್ಲಾಪಿ ನಾನೇ ಒಯ್ದೆ. ಎಲ್ಲರೆದುರು ಫೈಲು ತೆರೆಯಿತು. ಮೇಷ್ಟ್ರು ಬೆರಗಾಗಿ, "ಉಸ್ಮಾನಿಗೆ ಇಷ್ಟೆಲ್ಲ ಬರುತ್ತಾ?" ಎಂದರು. ನಾನು ಸಂತೋಷ ತಡೆಯಲಾರದೆ, "ಅವರಲ್ಲ ಸರ್, ಅವರ ಹೆಂಡತಿ! ಅಲ್ಲಿ ಎಲ್ಲ ಕಂಪ್ಯೂಟರೂ ಸರಿಮಾಡೋದು ಅವಳೇ," ಎಂದುಬಿಟ್ಟೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಪ್ಲಾಂಟರೊಬ್ಬರು, "ಹಾಗಾದ್ರೆ ನಮ್ಮ ಎಸ್ಟೇಟ್ ಮಿಷನ್ನನ್ನೂ ಒಬ್ಬಳು ಹೆಂಗಸು ಬಿಚ್ಚಿದ್ದಾ?" ಎಂದರು. ಸುತ್ತಲಿನವರು ನಕ್ಕರು.

ಆಮೇಲೆ ಕಂಪ್ಯೂಟರುಗಳು ಕೊಟ್ಟಿಗೆಹಾರದಲ್ಲಿ ಇಳಿಯದೆ ಮೂಡಿಗೆರೆಗೆ ಹೋಗತೊಡಗಿದವು. ಮೊದಲು ಹೋದದ್ದು ನಮ್ಮ ಆಫೀಸಿನದೇ. "ಹೆಂಗಸಿನ ಕೈಗೆ ಕೊಡೋದಾ?" ಎಂದು ನಮ್ಮವರು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ, ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದೆ.

ಕೊನೆಯ ಸಲ ಹೋದಾಗ ಜೊಹರಾ ಪಂಪಿನ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು.

"ನನ್ನ ಮೇಲೆ ಸಿಟ್ಟಾ?"

"ನೀವು ಸುಳ್ಳು ಹೇಳಿಲ್ವಲ್ಲ ಅಕ್ಕ." ತಂತಿ ಬಿಟ್ಟು ಒಂದು ಸಿಡಿ ತಂದುಕೊಟ್ಟಳು. "ನಾವು ಘಟ್ಟ ಇಳೀತೇವೆ, ನನ್ನ ತಾಯಿಮನೆ ಹತ್ರ. ಎಸ್ಟೇಟಿನ ಕೂಲಿ ಲೈನಿನ ಮಕ್ಕಳು ಹೋಗುವ ಶಾಲೆಯಲ್ಲಿ ನಾಲ್ಕು ಹಳೇ ಕಂಪ್ಯೂಟರ್ ಸುಮ್ನೆ ಬಿದ್ದಿವೆ. ನಿಮಗೆ ಬರುತ್ತಲ್ಲ, ಹಾಕ್ಕೊಡಿ. ಇದಕ್ಕೆ ಯಾರ ಅಪ್ಪಣೆನೂ ಬೇಡ."

"ಮನೇಲಿ ಕೇಳ್ಬೇಕು," ಎಂದೆ.

"ಕೇಳಿ ಅಕ್ಕ," ಎಂದು ಮತ್ತೆ ತಂತಿ ಹಿಡಿದಳು.

ಆ ಅಂಗಡಿ ಈಗ ಬೇಕರಿಯಾಗಿದೆ. ಸೌಮ್ಯ ಅದೇ ವಿಷಯದಲ್ಲಿ ಒಳ್ಳೆಯ ಅಂಕ ತೆಗೆದಳು. ನಾನು ಮನೆಯಲ್ಲಿ ಇನ್ನೂ ಕೇಳಿಲ್ಲ.