ಒಂಬತ್ತು ಹೋಲಿನ ಆರ್ಡರ್

ಎಂಬತ್ತಾರು ಸಾವಿರ ರೂಪಾಯಿ. ಡ್ರಿಲ್ಲಿಂಗು, ಕೇಸಿಂಗ್ ಪೈಪು ಸೇರಿ ಇಷ್ಟು. ಮೋಟರು, ಕೇಬಲ್ಲು ಬೇರೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ವೀರಭದ್ರಪ್ಪನವರು ಈ ಹಣವನ್ನು ನನಗೆ ಕೊಟ್ಟದ್ದು ಅವರಿಗೆ ಬೇಡವೇ ಬೇಡವಾಗಿದ್ದ ಒಂದು ಬೋರ್‌ವೆಲ್‌ಗೆ. ಬೇಡ ಎಂಬ ಒಂದು ಮಾತನ್ನು ಹೆಂಡತಿಯ ಮುಂದೆ ಆಡಲು ಅವರಿಗೆ ಬಾಯಿ ಬರಲಿಲ್ಲ. ಅದರ ರೇಟು ಅದು.

ಕೋವಿಡ್ ಮುಗಿದ ಮರುವರ್ಷದ ಮಾತು. ಆಗ ನಾನು ಹೊಸಪೇಟೆಯಲ್ಲಿ ಎರಡು ರಿಗ್ಗುಗಳ ಮಾಲೀಕ. ರಿಗ್ಗೆಂದರೆ ನೆಲ ಕೊರೆಯುವ ಯಂತ್ರ ಹೊತ್ತ ಲಾರಿ. ಕಂಪ್ಲಿ ಕಡೆ ಬೇರೆಯವರ ರಿಗ್ಗಿನಲ್ಲಿ ಪೈಪು ಹೊತ್ತು ಮೇಲೆ ಬಂದವನು ನಾನು. ಯಾವ ಗಿರಾಕಿಯನ್ನೂ ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲ. ಬೋರ್ ಕೆಲಸ ಕಡಿಮೆಯಾದಾಗ ಲೈಟಿನ ಕಂಬಕ್ಕೆ, ಬೇಲಿಯ ಕಲ್ಲಿಗೆ ಗುಂಡಿ ತೋಡುವುದನ್ನೂ ಹಿಡಿದಿದ್ದೆ. ಅದಕ್ಕೇ ಅಂಗಡಿಯ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೆ: ‘ಎಲ್ಲಾ ತರಹದ ಹೋಲ್ ಹಾಕಿಕೊಡಲಾಗುವುದು.’

ವೀರಭದ್ರಪ್ಪನವರು ನನ್ನ ಖಾತೆಯಿದ್ದ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಯಾವುದೋ ತಂಪು ಬೆಟ್ಟದೂರಿಗೆ ವರ್ಗವಾದಾಗ ಅಲ್ಲಿ ಗಾಲ್ಫ್ ಕಲಿತು ಬಂದಿದ್ದರು. ನಿವೃತ್ತಿಯ ಮೇಲೆ ಅವರಿಗೆ ಎರಡೇ ಲೋಕ. ಒಂದು ಮನೆ: ಹೆಂಡತಿ ಗಿರಿಜಮ್ಮ, ಹೊಸಪೇಟೆಯಲ್ಲೇ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಶೈಲಾ. ಇನ್ನೊಂದು ಗಾಲ್ಫ್. ತಿಂಗಳಿಗೊಮ್ಮೆ ಆ ಉದ್ದನೆಯ ಚೀಲ ಹೆಗಲಿಗೇರಿಸಿ ಬೆಂಗಳೂರಿನ ರೈಲು ಹತ್ತುತ್ತಿದ್ದರು. ಒಮ್ಮೆ ಟಿ.ಬಿ. ಡ್ಯಾಂ ಬಸ್ಸಿನಲ್ಲಿ ಕಂಡಕ್ಟರ್ ಚೀಲ ಮುಟ್ಟಿನೋಡಿ, “ಸಲಾಕಿ ಏನ್ರಿ ಸಾರ್? ಲಗೇಜ್ ಟಿಕೆಟ್ ಆಗ್ತೈತಿ” ಎಂದಿದ್ದ. ಇವರು ಒಂದು ಕೋಲನ್ನು ಹೊರತೆಗೆದು ಅದರ ಬೆಲೆ ಹೇಳಿದರು. ಆತ ಎರಡು ಟಿಕೆಟ್ ಹರಿದ.

ಗಿರಿಜಮ್ಮನವರಿಗೆ ಯಶವಂತನಗರದ ಹತ್ತಿರ ತವರಿನಿಂದ ಬಂದ ಎರಡು ಎಕರೆ ಹೊಲವಿತ್ತು. ಅಲ್ಲಿ ನಿಂಬೆ ತೋಟ ಮಾಡಬೇಕೆಂದು ಅವರಿಗೆ ಎಷ್ಟೋ ವರ್ಷಗಳ ಆಸೆ. ಆದರೆ ಹೊಲಕ್ಕೆ ನೀರಿಲ್ಲ. “ಅದು ಕಬ್ಬಿಣದ ಅದುರಿನ ಮಣ್ಣು, ಅಲ್ಲಿ ನೀರು ಬೀಳಂಗಿಲ್ಲ” ಎಂದು ಸಾಹೇಬರು ಪ್ರತಿ ಸಲವೂ ಜಾರಿಕೊಳ್ಳುತ್ತಿದ್ದರು. ಕೊನೆಗೆ ಗಂಡ ಹೆಂಡತಿ ನಡುವೆ ಒಂದು ಒಪ್ಪಂದವಾಗಿತ್ತು: ನೀರು ಸಿಕ್ಕರೆ ನಿಂಬೆ, ಸಿಗದಿದ್ದರೆ ಆ ಹೊಲದಲ್ಲಿ ಸಾಹೇಬರ ಗಾಲ್ಫ್. ಆದರೆ ಬೋರ್ ಕೊರೆಸಿ ನೋಡುವ ಮಾತನ್ನು ಸಾಹೇಬರು ಎತ್ತಲೇ ಇಲ್ಲ. ಬ್ಯಾಂಕಿನವರಲ್ಲವೇ, ಅರ್ಜಿಯನ್ನು ತಿರಸ್ಕರಿಸುವುದಿಲ್ಲ, ಸುಮ್ಮನೆ ಇಟ್ಟುಕೊಳ್ಳುತ್ತಾರೆ.

ಹೀಗಿರುವಾಗ ಒಂದು ದಿನ ಅವರ ಫೋನು ಬಂತು.

“ಬಸವರಾಜ, ಯಶವಂತನಗರದ ಹೊಲದಾಗ ಒಂಬತ್ತು ಹೋಲ್ ಹಾಕ್ಬೇಕಲ್ಲ.”

ನಾನು ಕುಳಿತಲ್ಲಿಂದ ಎದ್ದು ನಿಂತೆ. ಒಬ್ಬನೇ ಗಿರಾಕಿ ಒಂಬತ್ತು ಬೋರ್!

“ಒಂಬತ್ತೂ ಒಮ್ಮೆಲೇ ಏನ್ರಿ ಸಾರ್?”

“ಖರೇ ಅಂದ್ರ ಹದಿನೆಂಟು ಇರ್ಬೇಕು. ಜಾಗ ಸಾಲಂಗಿಲ್ಲ.”

“ಎಷ್ಟು ಇಂಚಿಂದ್ರಿ?”

“ನಾಕೂಕಾಲು.”

“ಈಗೆಲ್ಲಾ ಆರೂವರೆ ನಡೀತೈತ್ರಿ.”

“ಆರೂವರೆ ಆದ್ರ ಯಾರ್ ಬೇಕಾದ್ರೂ ಹಾಕ್ತಾರಲೇ!”

“ಹಾಕ್ತಾರ್ರಿ, ನಮ್ಮಷ್ಟು ನೀಟಾಗಿ ಹಾಕಂಗಿಲ್ಲ.”

“ಆತು, ಬಾ. ಜಾಗಕ್ಕೆಲ್ಲಾ ಬಾವುಟ ನೆಟ್ಟೀನಿ. ಭಾನುವಾರ ಬೆಳಿಗ್ಗೆ ನಮ್ಮನಿಯವ್ರು ಬರೋದ್ರೊಳಗ ಕೆಲಸ ಹಿಡದಿರ್ಬೇಕು. ಅವ್ರಿಗೆ ನಾನೇ ಹೇಳ್ತೀನಿ.”

ಹೆಂಡತಿಗೆ ಗುಟ್ಟಾಗಿ ನೀರು ತೋರಿಸುವ ಗಂಡನೆಂದು ಮೆಚ್ಚಿಕೊಂಡೆ. ಒಂಬತ್ತಕ್ಕೆ ಸೇರಿಸಿ ಒಂದು ರಿಯಾಯಿತಿ ರೇಟನ್ನೂ ಮನಸ್ಸಿನಲ್ಲೇ ಕಟ್ಟಿದೆ.

ಭಾನುವಾರ ಸಂಡೂರಿನ ದಾರಿಯಲ್ಲಿ ಅದುರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಮ್ಮ ರಿಗ್ಗು ಹೊಲ ಸೇರುವಷ್ಟರಲ್ಲಿ ಗಿರಿಜಮ್ಮ, ಶೈಲಾ ಇಬ್ಬರೂ ಟಿಫಿನ್ ಕ್ಯಾರಿಯರ್ ಸಮೇತ ಬಂದಿದ್ದರು. ಹೊಲದ ತುಂಬ ಅಲ್ಲಲ್ಲಿ ಒಂಬತ್ತು ಕೇಸರಿ ಬಾವುಟಗಳು. ಬಿಳಿ ಷೂ, ಬಿಳಿ ಟೋಪಿ ಹಾಕಿಕೊಂಡಿದ್ದ ಸಾಹೇಬರು ರಿಗ್ಗನ್ನು ನೋಡಿದವರೇ ನನ್ನನ್ನು ಲಾರಿಯ ಹಿಂದಕ್ಕೆ ಎಳೆದುಕೊಂಡು ಹೋದರು.

“ಏನಲೇ ಇದು?”

“ರಿಗ್ ರೀ.”

“ನಾ ಹೇಳಿದ್ದು ಗಾಲ್ಫಿನ ಹೋಲ್! ಚೆಂಡು ಬೀಳೋ ತೂತು! ಕೈಯಾಗ ತೋಡೋದು!”

“ನಾಕೂಕಾಲು ಇಂಚು ಅಂದ್ರಲ್ರಿ?”

“ಚೆಂಡಿಗೆ ಅಷ್ಟ ಸಾಕಲೇ!”

ವಾಪಸ್ ಕಳಿಸುವುದಾದರೆ ಹೋಗಿಬರುವ ಡೀಸೆಲ್ ಕೊಟ್ಟುಬಿಡಿ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಲಾರಿಯ ಆ ಕಡೆ ಟಪ್ ಎಂದು ಸದ್ದಾಯಿತು. ಗಿರಿಜಮ್ಮ ರಿಗ್ಗಿನ ಮುಂದೆ ತೆಂಗಿನಕಾಯಿ ಒಡೆದಿದ್ದರು. ಯಂತ್ರಕ್ಕೆ ಕುಂಕುಮ ಹಚ್ಚಿ, ಕಣ್ಣೊರೆಸಿಕೊಂಡು ಗಂಡನಿಗೆ ಹೇಳಿದರು: “ಕಡೀಗೂ ನನ್ನ ಮಾತು ಕೇಳಿದ್ರಲ್ರಿ.”

ನಮ್ಮ ವೃತ್ತಿಯಲ್ಲಿ ಒಂದು ಪದ್ಧತಿಯಿದೆ. ಕಾಯಿ ಒಡೆದ ಮೇಲೆ ನೆಲ ಮುಟ್ಟದೆ ರಿಗ್ಗು ತಿರುಗಿ ಹೋಗುವಂತಿಲ್ಲ. ನಮ್ಮ ಆಪರೇಟರ್ ಅಂತೂ ಸತ್ತರೂ ಗಾಡಿ ತಿರುಗಿಸುವುದಿಲ್ಲ. ಸಾಹೇಬರು ಹೆಂಡತಿಯ ಮುಖ ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಆಮೇಲೆ ನನ್ನ ಕಿವಿಯಲ್ಲಿ, “ಒಂದ ಹೋಲ್. ಮುನ್ನೂರು ಅಡಿ. ಅದರ ಮ್ಯಾಲ ಒಂದಡಿ ಇಲ್ಲ” ಎಂದರು.

ಬೇವಿನ ಮರದ ಹತ್ತಿರದ ಬಾವುಟವನ್ನು ಗಿರಿಜಮ್ಮನೇ ತೋರಿಸಿದರು. “ಅದು ಬ್ಯಾಡ, ಅದು ಭಾಳ ಚಂದದ ಹೋ...” ಎಂದು ಶುರುಮಾಡಿದ ಸಾಹೇಬರು, “...ನೆರಳು ಐತಿ” ಎಂದು ಮುಗಿಸಿದರು.

ಕೊರೆಯತೊಡಗಿದೆವು. ಮೊದಲು ಕೆಂಪು ಧೂಳು, ಆಮೇಲೆ ಕಲ್ಲಿನ ಬೂದು ಪುಡಿ. ಇನ್ನೂರು ಅಡಿಗೂ ಪುಡಿ, ಇನ್ನೂರೈವತ್ತಕ್ಕೂ ಪುಡಿ. ಮುನ್ನೂರು ಮುಟ್ಟಿದಾಗ ಯಂತ್ರ ನಿಲ್ಲಿಸಿದೆ. ಒಂದು ತೊಟ್ಟು ತೇವವಿಲ್ಲ.

“ಅಪ್ಪಾ, ಸಾಕು ಬಿಡ್ರಿ, ಬಿಲ್ ಏರ್ತೈತಿ” ಎಂದಳು ಶೈಲಾ.

ಗಿರಿಜಮ್ಮ ಟಿಫಿನ್ ಕ್ಯಾರಿಯರ್ ಬಿಚ್ಚಿ, ಯಾರೂ ಕೇಳದಿದ್ದರೂ ಎಲ್ಲರಿಗೂ ಮಂಡಕ್ಕಿ ಹಾಕಲು ಕುಳಿತರು. ತಟ್ಟೆಯೊಂದು ತುಂಬಿ ಚೆಲ್ಲುತ್ತಿದ್ದರೂ ಹಾಕುತ್ತಲೇ ಇದ್ದರು.

ನಾನು ಸಾಹೇಬರ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದೆ: “ಇಲ್ಲಿಗೆ ನಿಲ್ಲಿಸಿದ್ರ ಒಪ್ಪಂದದ ಪ್ರಕಾರ ಹೊಲ ನಿಮ್ಮದಾತ್ರಿ. ಉಳಿದ ಎಂಟು ಬಾವುಟಕ್ಕ ನಾನೇ ಕೈಲೆ ತೋಡಿಸಿಕೊಡ್ತೀನಿ, ಪುಕ್ಕಟೆ.”

ಅವರು ಆ ಎಂಟು ಬಾವುಟಗಳನ್ನು ಒಂದೊಂದಾಗಿ ನೋಡಿದರು. ಮಂಡಕ್ಕಿ ಚೆಲ್ಲುತ್ತಿದ್ದ ತಟ್ಟೆಯನ್ನು ನೋಡಿದರು. ಟೋಪಿ ತೆಗೆದು ಬೆವರು ಒರೆಸಿಕೊಂಡರು.

“ಹೊಡೀಲೇ ಇನ್ನ.”

“ಎಷ್ಟ್ರಿ?”

“ನೀರು ಬರೋತನ.”

ಅಂಥ ಆರ್ಡರನ್ನು ಯಾವ ಬ್ಯಾಂಕಿನವರ ಬಾಯಲ್ಲೂ ನಾನು ಕೇಳಿರಲಿಲ್ಲ. ಮುನ್ನೂರೈವತ್ತಕ್ಕೂ ಇಲ್ಲ. ನಾನೂರು ದಾಟಿದ ಮೇಲೆ ಪುಡಿ ಕೆಸರಾಯಿತು, ಕೆಸರು ನೀರಾಯಿತು, ನೀರು ಕಾರಂಜಿಯಾಗಿ ಚಿಮ್ಮಿತು. ಸಾಹೇಬರ ಬಿಳಿ ಟೋಪಿ, ಬಿಳಿ ಷೂ ಎಲ್ಲ ಕೆಸರಾಗಿ, ಮನುಷ್ಯ ಇಡಿಯಾಗಿ ಮಣ್ಣಿನ ಗೊಂಬೆಯಂತೆ ಕಂಡರು. ಅಳೆದೆವು: ಎರಡಿಂಚು ನೀರು. ಎರಡೆಕರೆ ನಿಂಬೆಗೆ ಧಾರಾಳ.

ದುಡ್ಡು ಎಣಿಸಿಕೊಡುವಾಗ ಸಾಹೇಬರು ಬಹಳ ಕುಗ್ಗಿದ್ದರು. ಗಿರಿಜಮ್ಮ ಬಂದು ಒಂದು ಬಾವುಟವನ್ನು ಕಿತ್ತು ಅವರ ಮುಂದೆ ಹಿಡಿದರು.

“ಇದು ನನ್ನ ಕೇಸರಿ ಸೀರಿ ಅಲ್ಲೇನ್ರಿ? ಒಂಬತ್ತು ತುಂಡು ಹರದು ನೆಟ್ಟೀರಿ. ನೀರಿನ ಪಾಯಿಂಟಿಗೆ ಸೀರಿ ಬಾವುಟ ಯಾರು ಕಟ್ತಾರ?”

“ಹಂಗಾದ್ರ... ನಿನಗೆ ಗೊತ್ತಿತ್ತಾ?”

“ಬಂದ ಕೂಡ್ಲೆ ಗೊತ್ತಾತು. ನೀವು ಬಸವರಾಜನ್ನ ಲಾರಿ ಹಿಂದಕ ಎಳಕೊಂಡು ಹೋದ್ರಿ ನೋಡ್ರಿ, ಆವಾಗ ಇಂವ ತಪ್ಪು ತಿಳ್ಕೊಂಡು ಬಂದಾನ ಅಂತನೂ ಗೊತ್ತಾತು. ಅದಕ್ಕ ಜಲ್ದಿ ಕಾಯಿ ಒಡದೆ.”

ಅಷ್ಟು ವರ್ಷ ವ್ಯಾಪಾರ ಮಾಡಿದ ನಾನು ಆ ಹೆಣ್ಣುಮಗಳಿಗೆ ಅಲ್ಲೇ ಕೈ ಮುಗಿದೆ. ಶೈಲಾ ನಕ್ಕೂ ನಕ್ಕೂ ಬಿಕ್ಕಳಿಸುತ್ತಿದ್ದಳು. ಗಿರಿಜಮ್ಮ ಬಾವುಟವನ್ನು ಗಂಡನ ಕೈಗಿಟ್ಟು, “ಮುನ್ನೂರಕ್ಕ ನೀವು ಸಾಕು ಅಂತೀರಿ ಅಂತ ಮಾಡಿದ್ದೆ. ಅನ್ನಲಿಲ್ಲ. ನಿಂಬಿ ಸಾಲಿನ ನಡುವ ಜಾಗ ಬಿಡಿಸ್ತೀನಿ, ಆಡ್ಕೊಳ್ರಿ. ಹುಲ್ಲಿಗೂ ನೀರು ಬೇಕಲ್ಲ?” ಎಂದರು.

ಹಾಗೇ ಆಯಿತು. ಉಳಿದ ಎಂಟು ಹೋಲುಗಳನ್ನು ನಾನೇ ಕೈಯಲ್ಲಿ ತೋಡಿಸಿಕೊಟ್ಟೆ. ವಾರಕ್ಕೆ ನಾಲ್ಕು ದಿನ ಅವರು ಅಲ್ಲಿ ಆಡಿದರು. ಒಂದೇ ಹೊಡೆತಕ್ಕೆ ಚೆಂಡು ಮಣ್ಣಿನ ಬಣ್ಣಕ್ಕೆ ತಿರುಗಿ ಕಾಣದಾಗುತ್ತಿತ್ತು. ಹುಡುಕಿಕೊಡಲು ಇಡೀ ಮನೆಯವರು ಬೇಕಾಗುತ್ತಿತ್ತು. ಅದಕ್ಕೇ ಅವರು ಚೆಂಡಿಗೆ ಬೇರೆ ಬಣ್ಣ ಬಳಿಯಲಿಲ್ಲವೆಂದು ನನ್ನ ಅನುಮಾನ. ಬೆಂಗಳೂರಿನ ರೈಲು ಮಾತ್ರ ಮತ್ತೆ ಹತ್ತಲಿಲ್ಲ.

ಹೋದ ವರ್ಷ ವೀರಭದ್ರಪ್ಪನವರು ತೀರಿಕೊಂಡರು. ಈಚೆಗೆ ಮೋಟರ್ ರಿಪೇರಿಗೆಂದು ಹೋಗಿದ್ದೆ. ಸಾಹೇಬರ ಗಾಲ್ಫಿನ ಹೋಲುಗಳು ಹಾಗೇ ಇದ್ದವು. ಮುಚ್ಚಿಸಬಾರದೇ ಎಂದು ಕೇಳಿದೆ. “ಇರ್ಲಿ ಬಿಡಪ್ಪ. ಹಣ್ಣು ಬಿದ್ದು ಉರುಳಿ ಅದರಾಗ ಹೋಗಿ ಕುಂದರ್ತಾವ, ಆರ್ಸೋದು ಸಸಾರ” ಎಂದು ಗಿರಿಜಮ್ಮ ಬಗ್ಗಿ ಒಂದು ಹೋಲಿನಿಂದ ನಿಂಬೆ ತೆಗೆದರು. ಸೆರಗಿನಲ್ಲಿ ಒರೆಸಿ, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡರು.

ಇನ್ನು ನಿಮಗೆ ನಾಲ್ಕು ಮಾತು. ಬೋರ್ ಕೊರೆಸುವ ಮುಂಚೆ ರೇಟನ್ನು ಅಡಿ ಲೆಕ್ಕದಲ್ಲಿ ಮಾತಾಡಿ, ಒಟ್ಟಾರೆ ಲೆಕ್ಕ ಒಪ್ಪಬೇಡಿ. ಒಟ್ಟಾರೆಯಲ್ಲಿ ಯಾವಾಗಲೂ ಗೆಲ್ಲುವವರು ನಾವೇ. ಕೇಸಿಂಗ್ ಪೈಪು ಗಟ್ಟಿ ಕಲ್ಲು ಮುಟ್ಟುವ ತನಕ ಇಳಿಸಿ. ನೀರು ಬೀಳದ ಬೋರಿಗೆ ಅವತ್ತೇ ಮುಚ್ಚಳ ಹಾಕಿಸಿ, ನಾಳೆ ಎನ್ನಬೇಡಿ. ಕೊನೆಯದು, ಮನೆಯವರಿಗೆ ಹೇಳಬೇಕಾದ ಮಾತೇನಾದರೂ ಇದ್ದರೆ ರಿಗ್ಗಿಗೆ ಗಾಳಿಯೊತ್ತಡ ಕೊಡುವ ಕಂಪ್ರೆಸರ್ ಶುರುಮಾಡುವ ಮುಂಚೆಯೇ ಹೇಳಿಬಿಡಿ. ಅದು ಒಮ್ಮೆ ಶುರುವಾದರೆ ಪಕ್ಕದಲ್ಲಿ ನಿಂತವರು ಕೂಗಿದ್ದೂ ಕೇಳಿಸುವುದಿಲ್ಲ.