ಅತ್ತೆ ಕಾಲೇಜು ನೋಡಿ ಒಪ್ಪಿದ್ದು

ತಿ. ನರಸೀಪುರದಲ್ಲಿ ನನ್ನ ಹಲ್ಲಿನ ಕ್ಲಿನಿಕ್ ಇರುವುದು ಒಂದು ಮೆಸ್ಸಿನ ಮಹಡಿಯ ಮೇಲೆ. ಹನ್ನೆರಡು ಗಂಟೆಯಾಯಿತೆಂದರೆ ಬಸ್ಸಾರಿನ ಘಮ ಮೆಟ್ಟಿಲು ಹತ್ತಿ ಬರುತ್ತದೆ. ಲವಂಗದೆಣ್ಣೆಯ ವಾಸನೆಗೆ ಹೆಸರಾದ ನಮ್ಮ ಕಸುಬಿಗೆ ಇದು ಅವಮಾನವೇ ಸರಿ. ಬಾಯಿ ತೆರೆದು ಕೂತವರಿಗೆ ನೀರೂರಿ ನನ್ನ ಕೆಲಸ ಬೇರೆ ಕೆಡುತ್ತದೆ. ಇವತ್ತು ಮಾತ್ರ ಆ ಘಮಕ್ಕೆ ನನಗೆ ನಗು ಬಂತು. ಸೊಟ್ಟ ಹಲ್ಲು ನೆಟ್ಟಗೆ ಮಾಡುವ ವಿದ್ಯೆಯನ್ನು ನಾನು ಎಲ್ಲಿ ಕಲಿಯಬೇಕೆಂಬುದು ತೀರ್ಮಾನವಾದದ್ದು ಒಂದು ತಟ್ಟೆ ಮುದ್ದೆ ಬಸ್ಸಾರಿನ ಮುಂದೆ. ನಗಬೇಡಿ, ನಿಜವಾಗಿಯೂ ಹಾಗೇ ಆಯಿತು.

ಬಿಡಿಎಸ್ ಮುಗಿಸಿ ನಂಜನಗೂಡಿನ ಒಂದು ಕ್ಲಿನಿಕ್ಕಿನಲ್ಲಿ ಎರಡು ವರ್ಷ ಹಲ್ಲು ಕೀಳುತ್ತಿದ್ದೆ. ಕೀಳುವುದರಲ್ಲಿ ನಾನು ಗಟ್ಟಿಗಿತ್ತಿ, ಅದರಲ್ಲಿ ಸಂಕೋಚವಿಲ್ಲ. ಆದರೆ ಉಬ್ಬುಹಲ್ಲಿನ ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಕಷ್ಟ ಹೇಳಿಕೊಂಡಾಗ, "ಮೈಸೂರಿಗೆ ಹೋಗಿ ತೋರಿಸಮ್ಮ" ಎನ್ನುವುದು ಬಿಟ್ಟರೆ ನನ್ನಿಂದ ಏನೂ ಆಗುತ್ತಿರಲಿಲ್ಲ. ಅವರು ಹೋಗುವುದಿಲ್ಲ ಎಂಬುದೂ ಗೊತ್ತಿತ್ತು. ಆ ನಾಚಿಕೆ ತಡೆಯಲಾರದೆ ಎಂಡಿಎಸ್ ಪ್ರವೇಶ ಪರೀಕ್ಷೆಗೆ ಕೂತೆ. ಮೊದಲ ಸಲ ಡುಮ್ಕಿ ಹೊಡೆದೆ. ಎರಡನೆಯ ಸಲ ಪರವಾಗಿಲ್ಲ ಎನ್ನುವಂಥ ರ‍್ಯಾಂಕು ಬಂತು.

ಫಜೀತಿ ಶುರುವಾದದ್ದು ಆಮೇಲೆ. ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನಿನಲ್ಲಿ ತುಂಬಿ ಲಾಕ್ ಮಾಡಬೇಕು. ನನ್ನ ರ‍್ಯಾಂಕಿಗೆ ಎರಡು ಕಾಲೇಜು ಎಟುಕುವಂತಿದ್ದವು. ಯಾವುದನ್ನು ಮೊದಲು ಬರೆಯುತ್ತೇನೋ ಮೂರು ವರ್ಷ ಅದೇ ಗತಿ. ಒಂದು, ಎಲ್ಲರೂ ಬಲ್ಲ ದೊಡ್ಡ ಕಾಲೇಜು. ಇನ್ನೊಂದು, ಹೆಸರು ಹೇಳಿದರೆ "ಅದೆಲ್ಲಿದೆ?" ಎಂದು ಕೇಳುವಂಥದ್ದು. ನಾನಂತೂ ಮನಸ್ಸಿನಲ್ಲೇ ದೊಡ್ಡದಕ್ಕೆ ಹಾರ ಹಾಕಿಯಾಗಿತ್ತು.

ಅಡ್ಡ ಬಂದವರು ಚಿಕ್ಕಯ್ಯನಛತ್ರದ ನನ್ನ ಸೋದರತ್ತೆ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುವುದುಂಟಲ್ಲ, ನೆಂಟರ ಪೈಕಿ ಆ ಕೆಲಸಕ್ಕೆ ಅತ್ತೆಯೇ ಆಗಬೇಕು. ಬರೀ ಹಿತ್ತಲು ನೋಡಿ ಸಂಬಂಧ ಬೇಡವೆಂದವರು ಅವರು.

"ಮೂರು ವರ್ಸ ಬಾಳಬೇಕಾದ ಜಾಗವ ಕಂಪ್ಯೂಟ್ರಲ್ಲಿ ನೋಡಿ ಒಪ್ಕಂಡಿಯಾ? ನಡಿ, ನಾನೂ ಬತ್ತೀನಿ," ಎಂದರು.

"ಅತ್ತೆ, ಅದು ಕಾಲೇಜು."

"ಆಗ್ಲಿ ಬುಡು. ಅಲ್ಲೂ ಮನುಸ್ರೇ ತಾನೆ ಇರಾದು?"

ದೊಡ್ಡ ಕಾಲೇಜಿನ ಗಾಜಿನ ಬಾಗಿಲು ನಮ್ಮನ್ನು ಕಂಡು ತಾನೇ ತೆರೆದುಕೊಂಡಿತು. ನಾನು ಅಷ್ಟಕ್ಕೇ ಕರಗಿಹೋದೆ. ನಾನು ಸೀನಿಯರುಗಳನ್ನು ಹುಡುಕಿಕೊಂಡು ಹೋದರೆ, ಅತ್ತೆ ರೋಗಿಗಳ ಬೆಂಚಿನಲ್ಲಿ ಕೂತು ಮಾತಿಗಿಳಿದರು. ಹೊಟ್ಟೆ ಚುರುಗುಟ್ಟಿ ನಾನು ಕ್ಯಾಂಟೀನಿನ ಕಡೆ ತಿರುಗಿದಾಗ ರಟ್ಟೆ ಹಿಡಿದು ನಿಲ್ಲಿಸಿದರು. ಒಪ್ಪಿಗೆಯಾಗುವ ತನಕ ಆ ಮನೆಯಲ್ಲಿ ಉಣ್ಣಬಾರದು, ಅದು ಅವರ ಪದ್ಧತಿ. ಬಸ್ ಸ್ಟ್ಯಾಂಡಿನಲ್ಲಿ ಮನಸ್ಸಿನೊಳಗೇ ಬೈದುಕೊಂಡು ಬನ್ನು ತಿಂದೆ.

ಮರುದಿನ ಇನ್ನೊಂದು ಕಾಲೇಜು. ಗೋಡೆ ಸುಣ್ಣ ಕಂಡು ಎಷ್ಟು ಕಾಲವಾಗಿತ್ತೋ, ಗೇಟಿನಲ್ಲೇ ನನ್ನ ಮುಖ ಸಪ್ಪಗಾಯಿತು. ಅತ್ತೆ ಮತ್ತೆ ಬೆಂಚು ಹಿಡಿದರು. ಅರ್ಧ ಗಂಟೆಗೆಲ್ಲ ಎದ್ದು ಬಂದವರೇ, "ನಡಿ, ಉಣ್ಣನ," ಎಂದರು.

ಉಣ್ಣುವುದೆಂದರೆ ಒಪ್ಪಿಗೆಯಾಯಿತೆಂದೇ ಅರ್ಥ. ಅಳುವುದೊಂದು ಬಾಕಿ. ಕ್ಯಾಂಟೀನಿನಲ್ಲಿ ಮುದ್ದೆ ಬಸ್ಸಾರಿನ ತಟ್ಟೆ ಬಂದ ಮೇಲೆ, "ಇದರಲ್ಲಿ ಏನು ಕಂಡಿರಿ ಅತ್ತೆ?" ಎಂದು ಕೇಳಿದೆ.

ಮುದ್ದೆ ಮುರಿಯುತ್ತ ಹೇಳಿದರು: "ನಿನ್ನೆ ಅಲ್ಲಿ ಎಲ್ರನ್ನೂವೆ ಕೇಳ್ದೆ ಕಣವ್ವ, ನಿಮ್ ಹಲ್ಗೆ ತಂತಿ ಕಟ್ಟಾರು ಯಾರು ಅಂತ. ದೊಡ್ಡ ಡಾಕ್ಟ್ರು ಕಟ್ತಾರೆ, ಓದೋ ಉಡುಗ್ರು ಸುತ್ತ ನಿಂತ್ಕಂಡು ನೋಡ್ತವೆ ಅಂದ್ರು. ಇಲ್ಲಿ ಒಂದು ಎಣ್ಮಗ ಅಂದ್ಲು, ಸುರುವಿಂದ್ಲೂ ಒಬ್ಬಕ್ಕನೇ ಕಟ್ಟಾದು, ದೊಡ್ಡೋರು ಹಿಂದ್ಗಡೆ ನಿಂತು ತಿದ್ತಾರೆ ಅಂತ. ನೀನು ಕೆಲ್ಸ ಕಲಿಯಾಕೆ ಓಗ್ತೀಯೋ, ನೋಡಾಕೆ ಓಗ್ತೀಯೋ?"

ನಾನು ಎರಡೂ ಕಡೆ ಕೇಳಿದ್ದು ಹಾಸ್ಟೆಲ್ಲು, ಸ್ಟೈಪೆಂಡು, ರಜೆ. ಐದು ವರ್ಷ ಓದಿ ಎರಡು ವರ್ಷ ದುಡಿದವಳಿಗೆ ಕೇಳಬೇಕಾದದ್ದೇ ಹೊಳೆದಿರಲಿಲ್ಲ. ಕೈ ತೊಳೆದು ಒಳಗೆ ಓಡಿ, ಆ ಹುಡುಗಿಗೆ ತಂತಿ ಕಟ್ಟುತ್ತಿದ್ದ ಸೀನಿಯರನ್ನು ಹಿಡಿದೆ. ಅವಳು ತನ್ನ ಕಪಾಟು ತೆರೆದು, ತಾನೇ ಶುರು ಮಾಡಿ ತಾನೇ ಮುಗಿಸಿದ ಬಾಯಿಗಳ ಪ್ಲಾಸ್ಟರ್ ಅಚ್ಚುಗಳನ್ನು ಒಂದೊಂದಾಗಿ ತೋರಿಸಿದಳು. ಎರಡು ಖಾನೆ ತುಂಬ ಇದ್ದವು.

ವಾಪಸು ಬರುವ ಬಸ್ಸಿನಲ್ಲೇ ಸಣ್ಣ ಕಾಲೇಜನ್ನು ಮೇಲೆ ಹಾಕಿ ಲಾಕ್ ಒತ್ತಿದೆ. "ಹುಚ್ಚಾ ನಿನಗೆ?" ಎಂದು ಗೆಳತಿಯರು ಫೋನು ಮಾಡಿ ಬೈದರು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಸೀಟು ಕೈಗೆ ಬರುವವರೆಗೂ ಅನ್ನ ಸೇರಲಿಲ್ಲ. ಸೀಟು ಬಂತು. ಮೂರು ವರ್ಷ ತಂತಿ ಬಗ್ಗಿಸಿ ಬೆರಳು ತೂತು ಮಾಡಿಕೊಂಡೆ, ಬಗ್ಗಿಸಿದ್ದು ಸರಿಯಿಲ್ಲವೆಂದು ಬೈಸಿಕೊಂಡೆ, ಮತ್ತೆ ಬಗ್ಗಿಸಿದೆ. ಹಿಡಿದ ಬಾಯಿಗಳನ್ನು ನಾನೇ ಮುಗಿಸಿದೆ.

ಇವತ್ತು ಮಧ್ಯಾಹ್ನ, ಎರಡು ವರ್ಷದಿಂದ ತಲಕಾಡಿನಿಂದ ಬಸ್ಸು ಹತ್ತಿ ಬರುತ್ತಿದ್ದ ಹುಡುಗಿಯೊಬ್ಬಳ ಕ್ಲಿಪ್ಪು ಬಿಚ್ಚಿದೆ. ಕನ್ನಡಿ ನೋಡಿಕೊಂಡವಳು ಕೂತಲ್ಲಿಂದಲೇ ಅವ್ವನಿಗೆ ವಿಡಿಯೊ ಕಾಲ್ ಮಾಡಿದಳು.

"ಅಯ್ ಸಿವನೆ, ನಮ್ ಉಡುಗೀನಾ ಇವ್ಳು!" ಎಂದಿತು ಫೋನು. "ಆ ಡಾಕ್ಟ್ರಮ್ಮನ ಕೈ ಒಂದ್ಸಲ ತೋರ್ಸವ್ವ, ನೋಡನ."

ಹುಡುಗಿ ಫೋನನ್ನು ನನ್ನ ಕಡೆ ತಿರುಗಿಸಿದಳು. ಗ್ಲೌಸು ಕಿತ್ತೆಸೆದು ಎರಡೂ ಕೈ ಚಾಚಿ ತೋರಿಸಿದೆ, ತಂತಿ ಚುಚ್ಚಿದ ಗುರುತುಗಳ ಸಮೇತ. ಹೆಮ್ಮೆ ಪಡಬಾರದು ಎನ್ನುತ್ತಾರೆ. ನಾನು ಪಟ್ಟೆ, ಹೊಟ್ಟೆ ತುಂಬ ಪಟ್ಟೆ.